ಆರು ಗಂಟೆ ಮೇಲಿನ ಓದು

ನಮ್ಮ ಕಡೆ ಸಂಜೆ ಆರು ಗಂಟೆ ಅಂದರೆ ಬಾಗಿಲು ಹಾಕುವ ಹೊತ್ತು. ಬಾಳ್ಳುಪೇಟೆಯಿಂದ ಒಳಗೆ, ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗಡಿ ಹತ್ತಿರ ನಮ್ಮ ಮನೆ. ಮೇಲೆ ಕಾಫಿ ತೋಟ, ಕೆಳಗೆ ಗದ್ದೆ, ನಡುವೆ ಆನೆ ಓಡಾಡುವ ದಾರಿ. ಐದೂವರೆ ಹೊತ್ತಿಗೆ ಫೋನಿಗೆ ಮೆಸೇಜು ಬರುತ್ತದೆ. ಇಂಥ ಎಸ್ಟೇಟಿನಲ್ಲಿ ಇಷ್ಟು ಆನೆ ಇವೆ, ಆ ಕಡೆಯವರು ಹುಷಾರು ಅಂತ. ಅದನ್ನು ನೋಡಿ ನಾಯಿಯನ್ನು ಒಳಗೆ ಕರೆದು, ಕೊಟ್ಟಿಗೆ ಬಾಗಿಲು ಭದ್ರ ಮಾಡಿ, ಚಿಲಕ ಹಾಕಿಕೊಂಡರೆ ಬೆಳಗಿನವರೆಗೆ ಮನೆಯೇ ಪ್ರಪಂಚ.

ಮನೆಯಲ್ಲಿ ನಾವಿಬ್ಬರು, ಅವ್ವ, ಎಂಟು ವರ್ಷದ ಮಗಳು, ನಾಲ್ಕೂವರೆ ವರ್ಷದ ಮಗ. ಆರರಿಂದ ಒಂಬತ್ತರವರೆಗೆ ಈ ಐದು ಜನ ಒಂದೇ ಸೂರಿನಡಿ ಏನು ಮಾಡಬೇಕು? ಮಳೆಗಾಲದಲ್ಲಿ ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ನೆಟ್‌ವರ್ಕ್ ಕತೆ ನಿಮಗೇ ಗೊತ್ತು. ಹೀಗಾಗಿ ಒಂದೂವರೆ ವರ್ಷದಿಂದ ನಾವು ರಾತ್ರಿ ಊಟಕ್ಕೆ ಮೊದಲು ಗಟ್ಟಿಯಾಗಿ ಪುಸ್ತಕ ಓದುತ್ತಿದ್ದೇವೆ. ಈಚೆಗೆ ಓದಿದವುಗಳಲ್ಲಿ ನಮಗೆ ಇಷ್ಟವಾದ ಮೂರರ ಬಗ್ಗೆ ಬರೆಯೋಣ ಅಂತ ಕೂತೆವು. ಆದರೆ ಈ ಓದು ಶುರುವಾಗಿದ್ದು ನಾವು ಹೇಳಿದ ಒಂದು ಸುಳ್ಳಿನಿಂದ. ಅದನ್ನು ಮೊದಲು ಹೇಳಿಬಿಡುತ್ತೇವೆ.

2023ರ ಡಿಸೆಂಬರ್ 4. ನಮ್ಮದೇ ತಾಲ್ಲೂಕಿನ ಯಸಳೂರು ವಲಯದ ಕಾಡಿನಲ್ಲಿ ಕಾಡಾನೆ ಹಿಡಿಯುವ ಕೆಲಸ ನಡೆಯುತ್ತಿತ್ತು. ಅದಕ್ಕೆ ಬಂದಿದ್ದ ಸಾಕಾನೆಗಳಲ್ಲಿ ಅರ್ಜುನನೂ ಇದ್ದ. ಮೈಸೂರು ದಸರಾದಲ್ಲಿ ಎಂಟು ಸಲ ಚಿನ್ನದ ಅಂಬಾರಿ ಹೊತ್ತವನು. ಅವತ್ತು ಕಾಡಿನ ಸಲಗದ ಜೊತೆ ಕಾದಾಟದಲ್ಲಿ ಅವನು ಸತ್ತ. ದಬ್ಬಳ್ಳಿಕಟ್ಟೆ ಹತ್ತಿರ ಅಲ್ಲೇ ಮಣ್ಣು ಮಾಡಿದರು. ಎರಡು ದಿನ ನಮ್ಮ ಕಡೆ ಬೇರೆ ಮಾತೇ ಇರಲಿಲ್ಲ.

ಮಗಳಿಗೆ ಆಗ ಆರು ವರ್ಷ. ಫೋನಿನಲ್ಲಿ ಅರ್ಜುನನ ಹಳೇ ದಸರಾ ವಿಡಿಯೋಗಳನ್ನು ನೋಡಿ ನೋಡಿ ಅವನು ಅವಳ ಪಾಲಿಗೆ ನೆಂಟನಂತೆ ಆಗಿಬಿಟ್ಟಿದ್ದ. ನಮ್ಮೂರ ಕಡೆಗೇ ಬಂದಿದ್ದಾನೆ ಅಂತ ಗೊತ್ತಾದಾಗ ಕುಣಿದಾಡಿದ್ದಳು. ಅವನು ಸತ್ತ ಸುದ್ದಿ ಹೇಳಲು ನಮಗೆ ಬಾಯಿ ಬರಲಿಲ್ಲ. "ಅರ್ಜುನ ಕೆಲಸ ಮುಗಿಸ್ಕೊಂಡು ವಾಪಸ್ ಹೋದ" ಅಂದೆವು. ಟಿವಿ ಆರಿಸಿದೆವು.

ಮೂರು ದಿನ ಬಿಟ್ಟು ರಾತ್ರಿ ಮಲಗುವಾಗ ಕೇಳಿದಳು, "ಅಪ್ಪ, ಅರ್ಜುನ ಈಗ ಏನ್ ತಿಂತಿರ್ತಾನೆ?"

"ಭತ್ತ, ಬೆಲ್ಲ, ಕಬ್ಬು" ಅಂದೆವು.

ಅವಳು ಗೋಡೆ ಕಡೆ ತಿರುಗಿದಳು. "ಸತ್ತೋಗಿದಾನೆ. ಸ್ಕೂಲಲ್ಲಿ ಎಲ್ರಿಗೂ ಗೊತ್ತು. ನೀವು ಏನ್ ಹೇಳ್ತೀರ ಅಂತ ನೋಡ್ದೆ."

ಎರಡು ದಿನ ಅಳುತ್ತಾಳೆ, ಆಮೇಲೆ ಸರಿಹೋಗುತ್ತಾಳೆ ಅಂದುಕೊಂಡಿದ್ದೆವು. ಅವಳು ಅಳಲಿಲ್ಲ. ನಾವು ಏನೇ ಹೇಳಿದರೂ "ಇದು ನಿಜಾನಾ, ಇಲ್ಲ ನಮಗೋಸ್ಕರ ಹೇಳ್ತಿದೀರಾ?" ಅಂತ ಕೇಳಲು ಶುರು ಮಾಡಿದಳು. ಮೊದಮೊದಲು ನಗು ಬರುತ್ತಿತ್ತು.

ಜನವರಿಯಲ್ಲಿ ನಗು ನಿಂತಿತು. ಕಾಫಿ ಒಣಗಿಸುವ ಕಾಲ. ಕಣದಲ್ಲಿ ಹಣ್ಣು ಹರಡಿತ್ತು. ಸಂಜೆ ಮೆಸೇಜು ಬಂತು, ಆನೆಗಳು ಕೆರೆ ಹತ್ತಿರ ಇಳಿದಿವೆ ಅಂತ. "ಯಾರೂ ಹೊರಗೆ ಹೋಗ್ಬೇಡಿ" ಅಂದೆವು. ಅರ್ಧ ಗಂಟೆ ಬಿಟ್ಟು ನೋಡಿದರೆ ಮಗಳಿಲ್ಲ. ಹಿತ್ತಲ ಬಾಗಿಲು ತೆಗೆದಿತ್ತು. ಕತ್ತಲಾಗುತ್ತಿತ್ತು. ಕೂಗಿದರೆ ಆನೆಗೆ ಕೇಳುತ್ತದೆ, ಕೂಗದಿದ್ದರೆ ಮಗಳಿಗೆ ಕೇಳುವುದಿಲ್ಲ. ಟಾರ್ಚು ಹಿಡಿದು ಕಣಕ್ಕೆ ಓಡಿದೆವು. ಟಾರ್ಪಾಲಿನ ಪಕ್ಕ ಬೆಕ್ಕಿನ ಮರಿ ಎತ್ತಿಕೊಂಡು ನಿಂತಿದ್ದಳು. ಎಳೆದುಕೊಂಡು ಒಳಗೆ ಬಂದು ಚಿಲಕ ಹಾಕಿದ ಮೇಲೆ ಕೈಕಾಲು ನಡುಗಲು ಶುರುವಾಯಿತು.

"ಆನೆ ಇದೆ ಅಂತ ಹೇಳಿರಲಿಲ್ವಾ?"

"ಸುಮ್ನೆ ಹೇಳ್ತಿದೀರ ಅಂದ್ಕೊಂಡೆ."

ಬೆಳಿಗ್ಗೆ ಕಣದ ಅಂಚಿನಲ್ಲಿ ಲದ್ದಿ ಬಿದ್ದಿತ್ತು. ಹೆಜ್ಜೆಯೊಳಗೆ ನೀರು ನಿಂತಿತ್ತು. ಆನೆ ಬಂದು ಹೋದದ್ದು ಎಷ್ಟು ಹೊತ್ತಿಗೋ ನಮಗೆ ಗೊತ್ತಿಲ್ಲ.

ನಮ್ಮ ಹಾಸನದ ಈ ಎರಡು ತಾಲ್ಲೂಕುಗಳಲ್ಲಿ ಆನೆ ಸಮಸ್ಯೆ ಇವತ್ತಿನದಲ್ಲ. 2014ರ ಸುಮಾರಿಗೆ ಹೈಕೋರ್ಟ್ ನೇಮಿಸಿದ್ದ ಸಮಿತಿಯ ಸಲಹೆ ಮೇಲೆ ಆಲೂರು ಕಡೆಯಿಂದ 22 ಆನೆ ಹಿಡಿದು ಸಾಗಿಸಿದರು. ಇನ್ನು ಮುಗಿಯಿತು ಅಂದುಕೊಂಡೆವು, ಮುಗಿಯಲಿಲ್ಲ. ಕಂದಕ, ಸೋಲಾರ್ ಬೇಲಿ, ಪಟಾಕಿ ಎಲ್ಲ ನೋಡಿದ್ದೇವೆ. ಆದರೆ ನಮ್ಮ ಮಕ್ಕಳಿಗೆ ಇರುವ ಮೊದಲ ಬೇಲಿ ಅಪ್ಪ ಅಮ್ಮನ ಮಾತು. ಹೋಗಬೇಡ ಅಂದರೆ ನಿಜವಾಗಿ ಏನೋ ಇದೆ ಅನ್ನುವ ನಂಬಿಕೆ. ಅದನ್ನು ನಾವೇ ಕಿತ್ತು ಹಾಕಿದ್ದೆವು.

ಅವತ್ತು ರಾತ್ರಿ ಅವ್ವ ಬೈದರು. "ಮಕ್ಳ ತಾವ ಸುಳ್ಳು ಹೇಳ್ಬಾರ್ದು ಕಣ್ರೋ. ನಿಮ್ಮಜ್ಜ ಸತ್ತಾಗ ನಿಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೇಳ್ಲಿಲ್ವಾ ನಾನು? ಆ ಮಗು ಅತ್ತಿದ್ರೆ ಅಳ್ಲಿ. ಅತ್ತು ನಿದ್ದೆ ಮಾಡ್ತಿತ್ತು."

ಮರುದಿನ ಮಗಳ ಹತ್ತಿರ ಕೂತು, "ಅರ್ಜುನನ ವಿಷಯದಲ್ಲಿ ನಾವು ಸುಳ್ಳು ಹೇಳಿದ್ದು ತಪ್ಪು" ಅಂದೆವು. ಅವಳು ತಲೆ ಆಡಿಸಿದಳು, ಅಷ್ಟೇ. ಮಾತಿನಿಂದ ಹೋದ ನಂಬಿಕೆ ಒಂದು ಮಾತಿನಿಂದ ವಾಪಸ್ ಬರುವುದಿಲ್ಲ. ಏನು ಮಾಡುವುದು ಅಂತ ಹೊಳೆಯದೆ ಮನೆಯಲ್ಲಿದ್ದ ಒಂದು ಪುಸ್ತಕ ತೆಗೆದು ಓದಲು ಕೂತೆವು.

ಅದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. ಬಂದದ್ದು 1980ರಲ್ಲಿ, ನಡೆಯುವುದು ನಮ್ಮ ಪಕ್ಕದ ಮೂಡಿಗೆರೆಯಲ್ಲಿ. ದೊಡ್ಡವರ ಪುಸ್ತಕ, ಆರು ವರ್ಷದವಳಿಗೆ ಹೇಗೆ ಅಂತ ಅನುಮಾನವಿತ್ತು. ಕೆಲವು ಕಡೆ ಹಾರಿಸಿ, ಕೆಲವು ಕಡೆ ನಮ್ಮ ಮಾತಿನಲ್ಲಿ ಹೇಳುತ್ತಾ ಓದಿದೆವು. ಕಿವಿ ಅನ್ನುವ ನಾಯಿ ಬಂದಾಗಲೆಲ್ಲ ಚಿಕ್ಕವನು ನಮ್ಮ ನಾಯಿ ಕಡೆ ಓಡುತ್ತಿದ್ದ. ಪ್ಯಾರ, ಬಿರಿಯಾನಿ ಕರಿಯಪ್ಪ ಬಂದರೆ ಅವ್ವನಿಗೆ ನಗು. ಇಂಥವರು ನಮ್ಮೂರಲ್ಲೂ ಇದ್ದರು ಅಂತ ಹೆಸರು ಹೇಳಿ ಎಣಿಸುತ್ತಿದ್ದರು. ಮಂದಣ್ಣ ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದವನು. ಆದರೆ ವಿಜ್ಞಾನಿ ಕರ್ವಾಲೊ ಅವನ ಹಿಂದೆ ಬೀಳುತ್ತಾರೆ, ಯಾಕೆಂದರೆ ಅವನ ಕಣ್ಣಿಗೆ ಬೀಳುವುದು ಬೇರೆಯವರ ಕಣ್ಣಿಗೆ ಬೀಳುವುದಿಲ್ಲ. ಜೇನುಹುಳ, ಇರುವೆ, ಓತಿ ನೋಡುತ್ತಾ ನಿಲ್ಲುವ ಮಕ್ಕಳಿಗೆ ನಾವು ಬೈಯುತ್ತೇವಲ್ಲ, ಅಂಥವರು ಓದಲೇಬೇಕಾದ ಪುಸ್ತಕ.

ಕೊನೆಯಲ್ಲಿ ಅಷ್ಟು ದೂರ ಕಾಡಿನಲ್ಲಿ ಅಲೆದು ಹುಡುಕಿದ ಹಾರುವ ಓತಿ ಕಣ್ಣಿಗೆ ಬೀಳುತ್ತದೆ. ಕೈಗೆ ಸಿಗುವುದಿಲ್ಲ, ಬೆಟ್ಟದಂಚಿನಿಂದ ಹಾರಿ ಹೋಗುತ್ತದೆ.

"ಸಿಗಲೇ ಇಲ್ವಾ?" ಅಂದಳು ಮಗಳು.

"ಇಲ್ಲ."

"ಸಿಕ್ತು ಅಂತ ಬರೀಬಹುದಿತ್ತು ಅಲ್ವಾ?"

"ಬರೀಬಹುದಿತ್ತು. ಬರೀಲಿಲ್ಲ."

ಸ್ವಲ್ಪ ಹೊತ್ತು ಯೋಚಿಸಿ "ಚೆನ್ನಾಗಿದೆ" ಅಂದಳು. ಅವತ್ತು ನಿಜಾನಾ ಅಂತ ಕೇಳಲಿಲ್ಲ. ಕತೆಯ ಓತಿ ಕತೆಯದ್ದು. ಆದರೆ ಹಾರುವ ಓತಿ ನಮ್ಮ ಘಟ್ಟದಲ್ಲಿ ನಿಜವಾಗಿಯೂ ಇದೆ. ಪಕ್ಕೆಯ ಚರ್ಮವನ್ನು ರೆಕ್ಕೆಯಂತೆ ಬಿಚ್ಚಿ ಒಂದು ಮರದಿಂದ ಇನ್ನೊಂದು ಮರಕ್ಕೆ ತೇಲಿಕೊಂಡು ಹೋಗುತ್ತದೆ. ಅಡಿಕೆ ಮರದ ಮೈಮೇಲೆ ಅಂಟಿಕೊಂಡರೆ ತೊಗಟೆ ಯಾವುದು, ಓತಿ ಯಾವುದು ಗೊತ್ತಾಗುವುದಿಲ್ಲ. ಈಗ ಮಕ್ಕಳಿಬ್ಬರೂ ತೋಟದಲ್ಲಿ ತಲೆ ಮೇಲೆತ್ತಿಯೇ ನಡೆಯುವುದು. ಎಷ್ಟು ಸಲ ಎಡವಿ ಬಿದ್ದಿದ್ದಾರೋ.

ಎರಡನೆಯದು ಜಪಾನಿನ 'ತೊತ್ತೋ-ಚಾನ್', ಕನ್ನಡದಲ್ಲೂ ಸಿಗುತ್ತದೆ. ತೆತ್ಸುಕೊ ಕುರೊಯಾನಾಗಿ ತಾನು ಚಿಕ್ಕವಳಾಗಿದ್ದಾಗಿನ ಶಾಲೆಯ ಬಗ್ಗೆ ಬರೆದದ್ದು. ಜಪಾನಿನಲ್ಲಿ 1981ರಲ್ಲಿ ಪುಸ್ತಕವಾಗಿ ಬಂತು. ಒಂದನೇ ಕ್ಲಾಸಿನಲ್ಲೇ ಶಾಲೆಯಿಂದ ಹೊರಹಾಕಿಸಿಕೊಂಡ ತುಂಟ ಹುಡುಗಿ. ಅವಳು ಸೇರಿದ ಹೊಸ ಶಾಲೆಯಲ್ಲಿ ಹಳೇ ರೈಲು ಬೋಗಿಗಳೇ ಕ್ಲಾಸ್ ರೂಮು. ನಮ್ಮ ಮಕ್ಕಳು ಹಾಸನದಿಂದ ಮಂಗಳೂರಿಗೆ ಹೋಗುವ ರೈಲಿನ ಶಬ್ದ ಕೇಳುತ್ತಾ ಬೆಳೆದವರು. ಬೋಗಿಯಲ್ಲಿ ಪಾಠ ಅಂದದ್ದೇ ತಡ, ಅಡುಗೆಮನೆ ಬೆಂಚು ಎಳೆದು ರೈಲು ಮಾಡಿದರು. ಅವ್ವನೇ ಗಾರ್ಡು. ಕೈಯಲ್ಲಿದ್ದ ಕೆಸುವಿನೆಲೆಯೇ ಹಸಿರು ಬಾವುಟ.

ಈ ಪುಸ್ತಕದಲ್ಲಿ ನಮಗೆ ತಟ್ಟಿದ್ದು ಹೆಡ್ ಮಾಸ್ಟರ್ ಕೊಬಾಯಾಶಿ. ಮೊದಲ ದಿನ ಆ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ನಿನಗೆ ಏನೇನು ಹೇಳಬೇಕೋ ಹೇಳು ಅಂತ ನಾಲ್ಕು ಗಂಟೆ ಕೇಳಿಸಿಕೊಳ್ಳುತ್ತಾರೆ. ಒಂದು ಸಲವೂ ಆಕಳಿಸುವುದಿಲ್ಲ. ನಾವು ನಾಲ್ಕು ನಿಮಿಷ ಕೇಳುತ್ತೇವಾ? ಹಾಲು ಕರೆಯಬೇಕು, ಸಾರು ಉಕ್ಕುತ್ತಿದೆ, ಫೋನು ಬಂತು, "ಆಮೇಲೆ ಹೇಳು ಮಗಾ". ಒಂದು ದಿನ ನಾವೂ ಮಗಳನ್ನು ಕೂರಿಸಿಕೊಂಡು ಹೇಳು ಅಂದೆವು. ನಾಲ್ಕು ಗಂಟೆ ಆಗಲಿಲ್ಲ, ನಲವತ್ತು ನಿಮಿಷ ಆಯಿತು. ಆ ನಲವತ್ತು ನಿಮಿಷದಲ್ಲಿ ಅವಳಿಗೆ ರಾತ್ರಿ ಕನಸಿನಲ್ಲಿ ಇನ್ನೂ ಆನೆ ಬರುತ್ತದೆ ಅಂತ ಗೊತ್ತಾಯಿತು. ಅದುವರೆಗೆ ನಾವು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಈ ಪುಸ್ತಕದಲ್ಲೂ ಸಾವಿದೆ. ತೊತ್ತೋ-ಚಾನ್ ಕಷ್ಟಪಟ್ಟು ಮರ ಹತ್ತಿಸಿದ ಪೋಲಿಯೋ ಆದ ಗೆಳೆಯ ಸಾಯುತ್ತಾನೆ. ಯುದ್ಧದಲ್ಲಿ ಬಾಂಬು ಬಿದ್ದು ಶಾಲೆ ಸುಟ್ಟುಹೋಗುತ್ತದೆ. ಆ ಪುಟ ಬಂದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹಾರಿಸಿಬಿಡೋಣವಾ? ಹಾರಿಸಲಿಲ್ಲ, ಓದಿದೆವು. ಮಗಳು ಅತ್ತಳು. ಅರ್ಜುನನಿಗೆ ಅಳದೆ ಇಟ್ಟುಕೊಂಡಿದ್ದ ಅಳುವೂ ಅದರಲ್ಲಿ ಇತ್ತು ಅಂತ ನಮಗೆ ಅನಿಸುತ್ತದೆ. ಅತ್ತು, ಅವ್ವನ ತೊಡೆ ಮೇಲೆ ಮಲಗಿ ನಿದ್ದೆ ಮಾಡಿದಳು. ಅವ್ವ ನಮ್ಮ ಕಡೆ ನೋಡಿದರು, ಏನೂ ಹೇಳಲಿಲ್ಲ.

ಮೂರನೆಯದು ಮಕ್ಕಳಿಗೆ ಓದಿದ್ದಲ್ಲ, ಮಕ್ಕಳು ಮಲಗಿದ ಮೇಲೆ ನಾವು ಓದಿಕೊಂಡಿದ್ದು. ನಮ್ಮ ಹಾಸನದ ಬಾನು ಮುಷ್ತಾಕ್ ಅವರ 'ಎದೆಯ ಹಣತೆ'. 2025ರ ಮೇ 20ರಂದು ಲಂಡನ್ನಿನಲ್ಲಿ ಅವರಿಗೂ, ಅವರ ಕತೆಗಳನ್ನು ಇಂಗ್ಲಿಷಿಗೆ ತಂದ ಮಡಿಕೇರಿಯ ದೀಪಾ ಭಾಸ್ತಿ ಅವರಿಗೂ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಅದು ಮೊದಲನೆಯದು. ಬಹುಮಾನದ ಹಣ ಲೇಖಕಿಗೂ ಅನುವಾದಕಿಗೂ ಸಮಪಾಲು. ಸುದ್ದಿ ಬಂದ ದಿನ ಖುಷಿಪಟ್ಟೆವು. ಆಮೇಲೆ ನಾಚಿಕೆಯಾಯಿತು. ಗಂಟೆ ಒಂದರ ದಾರಿಯಲ್ಲಿ ಇರುವವರು ಬರೆದ ಕತೆಯನ್ನು ಲಂಡನ್ನಿನವರು ಓದಿದ ಮೇಲೆ ನಾವು ಹುಡುಕಿಕೊಂಡು ಹೋದೆವು.

ಆ ಹೆಸರಿನ ಕತೆಯಲ್ಲಿ ಗಂಡನ ಮನೆಯಲ್ಲೂ ತವರಿನಲ್ಲೂ ಜಾಗ ಕಳೆದುಕೊಂಡ ಒಬ್ಬ ತಾಯಿ ಇದ್ದಾಳೆ. ಬದುಕೇ ಬೇಡ ಅನ್ನುವ ಹಂತಕ್ಕೆ ಬಂದವಳನ್ನು ತಡೆಯುವುದು ಅವಳ ದೊಡ್ಡ ಮಗಳು. ಓದುವಾಗ ನಮ್ಮ ಸುತ್ತ ಮುತ್ತ, ಯಾವ ಜಾತಿ ಯಾವ ಧರ್ಮ ಅಂತಿಲ್ಲದೆ, ಎಷ್ಟು ಮನೆಗಳು ನೆನಪಾದವೋ. ಓದಿ ಕಣ್ಣು ಒರೆಸಿಕೊಳ್ಳುವಾಗ ಮಗಳು ನೀರು ಕುಡಿಯಲು ಎದ್ದು ಬಂದಳು.

"ಅಮ್ಮ, ಯಾಕೆ ಅಳ್ತಿದೀಯ? ಆ ಪುಸ್ತಕದಲ್ಲಿ ಏನಿದೆ?"

ಹಳೇ ನಾವಾಗಿದ್ದರೆ "ಏನಿಲ್ಲ, ಕಣ್ಣಿಗೆ ಹೊಗೆ" ಅನ್ನುತ್ತಿದ್ದೆವು. ಈ ಸಲ ಹೇಳಿದೆವು, "ತುಂಬಾ ನೊಂದ ಒಬ್ಬ ಅಮ್ಮನ ಕತೆ. ಮಗಳು ಬಂದು ಹಿಡ್ಕೊಂಡಳು, ಅಮ್ಮ ಉಳಿದಳು. ಇನ್ನೂ ಇದೆ. ಅದು ನೀನು ದೊಡ್ಡವಳಾದ ಮೇಲೆ ಓದೋದು."

"ಎಷ್ಟು ದೊಡ್ಡವಳು?"

"ಹೈಸ್ಕೂಲು."

"ಸರಿ" ಅಂತ ನೀರು ಕುಡಿದು ಹೋದಳು.

ನಾವು ಕಲಿತದ್ದು ಇಷ್ಟೇ. ಎಲ್ಲವನ್ನೂ ಮಕ್ಕಳಿಗೆ ಹೇಳಬೇಕಾಗಿಲ್ಲ. ಇದು ಈಗ ಬೇಡ ಅಂದರೆ ಅವರು ಕೇಳುತ್ತಾರೆ. ಇಲ್ಲದ್ದನ್ನು ಹೇಳಬಾರದು. ಹೇಳದೆ ಉಳಿಸುವುದಕ್ಕೂ ಸುಳ್ಳು ಹೇಳುವುದಕ್ಕೂ ಇರುವ ವ್ಯತ್ಯಾಸ ಎಂಟು ವರ್ಷದವಳಿಗೆ ಚೆನ್ನಾಗಿ ಗೊತ್ತು.

ಪುಸ್ತಕಕ್ಕೆ ದುಡ್ಡೆಲ್ಲಿ ಅಂತ ಕೇಳುವವರಿಗೆ: ನಿಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ, ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಚಿಕ್ಕ ಮಕ್ಕಳ ಚಿತ್ರಕತೆಗಳು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದಲ್ಲೇ ಇವೆ, ಅದಕ್ಕೂ ದುಡ್ಡಿಲ್ಲ. ನಾವು ನೆಟ್‌ವರ್ಕ್ ಸಿಕ್ಕಾಗ ಇಳಿಸಿಟ್ಟುಕೊಂಡು ಕರೆಂಟು ಹೋದಾಗ ಓದುತ್ತೇವೆ. ನಾಲ್ಕೂವರೆ ವರ್ಷದವನಿಗೆ ಒಂದೇ ಕತೆ ಹದಿನೈದು ಸಲ ಬೇಕು. ಆ ಡ್ಯೂಟಿ ಈಗ ಅಕ್ಕನದು. ಅವನಿಗೆ ಓದಿ ಹೇಳುತ್ತಲೇ ಅವಳ ಒತ್ತಕ್ಷರ ಸರಿಹೋಯಿತು.

ಹೋದ ವಾರ ಮಳೆ ಜೋರಿತ್ತು. ಐದೂಮುಕ್ಕಾಲಿಗೆ ಮೆಸೇಜು ಬಂತು, ನಮ್ಮ ಮೇಲಿನ ತೋಟದಲ್ಲೇ ಆನೆ ಅಂತ. ಚಿಕ್ಕವನಿಗೆ ಅಂಗಳದಲ್ಲಿ ಕಾಗದದ ದೋಣಿ ಬಿಡಬೇಕಿತ್ತು. "ಆನೆ ಇಲ್ಲ, ಸುಳ್ಳು" ಅಂತ ಬಾಗಿಲ ಹತ್ತಿರ ಹಟ ಹಿಡಿದ.

ಅಕ್ಕ ಅವನ ಅಂಗಿ ಹಿಡಿದು ಒಳಗೆ ಎಳೆದಳು. "ಸುಳ್ಳಲ್ಲ ಕಣೋ. ಅರ್ಜುನನ ವಿಷಯ ಒಂದು ಬಿಟ್ರೆ ಇವ್ರು ಸುಳ್ಳು ಹೇಳಿಲ್ಲ. ಬಾ, ಪುಸ್ತಕ ತಗೋ."

ನಾವು ಚಿಲಕ ಹಾಕಿದೆವು.