ಗಾಣದ ಲೆಕ್ಕ

ಮಧುಗಿರಿಯಲ್ಲಿ ಕಡಲೆಕಾಯಿ ಎಣ್ಣೆ ಗಾಣ ನಡೆಸುವ ಹೆಣ್ಣುಮಗಳೊಬ್ಬರ ಹತ್ತಿರ ಮಾತಾಡಿದೆ. ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಬೀಜ ಬೇಕು. "ಎಣ್ಣೆ ದುಡ್ಡು ಬೀಜಕ್ಕೇ ಸರಿಹೋಗ್ತದಣ್ಣ, ನಾವು ಉಣ್ಣೋದು ಹಿಂಡಿ ದುಡ್ಡಲ್ಲಿ" ಅಂದರು. ಹಸು, ಕುರಿ ಸಾಕುವವರು ಬಾಗಿಲಿಗೇ ಬಂದು ಹಿಂಡಿ ಒಯ್ಯುತ್ತಾರಂತೆ. ವ್ಯಾಪಾರದ ಬಗ್ಗೆ ಇಷ್ಟು ನೇರವಾಗಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಪಾವಗಡ, ಶಿರಾ ಕಡೆ ಮುಂಗಾರಿನ ಕಡಲೆಕಾಯಿ ಕೀಳುವುದು ಅಕ್ಟೋಬರ್-ನವೆಂಬರ್ ಹೊತ್ತಿಗೆ. ವರ್ಷದ ಬೀಜವನ್ನು ಆಗಲೇ ಕೊಂಡಿಡಬೇಕು. ಕಿರು ಆಹಾರ ಘಟಕಗಳಿಗೆ ಕೇಂದ್ರದ ಯೋಜನೆಯಲ್ಲಿ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವಿದೆ. ಯಂತ್ರಕ್ಕೆ ಅದು ಒದಗುತ್ತದೆ. ಅವರನ್ನು ಕಾಡುವುದು ಬೀಜದ ಬಂಡವಾಳ. ಸುಗ್ಗಿಗೆ ಮೊದಲೇ ಕೈಸೇರುವ ಸಾಲವನ್ನು ನಮ್ಮ ಸಹಕಾರ ಸಂಘಗಳು ಇಂಥವರಿಗೆ ಕೊಡಲಿ.