ಎರಡು ಬಿಂಬ ಒಂದಾಗುವ ಊರು

ಫ್ರಾಂಕ್‌ಫರ್ಟ್ ನಗರದಿಂದ ಉತ್ತರಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ ಪ್ರಯಾಣ ಮಾಡಿದರೆ, ಲಾನ್ ನದಿಯ ದಂಡೆಯ ಮೇಲೆ ವೆಟ್ಸ್‌ಲಾರ್ ಎಂಬ ಪುಟ್ಟ ಪಟ್ಟಣವು ಎದುರಾಗುತ್ತದೆ. ತರುಣ ಗಯಟೆಯು 1772ರ ಬೇಸಗೆಯನ್ನು ಕಳೆದುದು ಇಲ್ಲಿಯೇ. ಇಲ್ಲಿ ಕೈಗೂಡದೆ ಹೋದ ಅವನ ಪ್ರೇಮವು ಮುಂದೆ ವರ್ಥರನ ಕಾದಂಬರಿಗೆ ಬೀಜವಾಯಿತು. ಸಾಹಿತ್ಯಪ್ರಿಯರು ಆ ನೆನಪನ್ನು ಅರಸಿ ಬಂದರೆ, ಹೆಗಲಿಗೆ ಹಳೆಯ ಕ್ಯಾಮರಾ ತೂಗುಹಾಕಿಕೊಂಡವರು ಬೇರೊಂದು ಭಕ್ತಿಯಿಂದ ಬರುತ್ತಾರೆ. ಲೈಕಾ ಕ್ಯಾಮರಾದ ತವರುಮನೆ ಈ ಊರು.

ಇಲ್ಲಿನ ಲೈಟ್ಸ್ ಕಾರ್ಖಾನೆಯು ಸೂಕ್ಷ್ಮದರ್ಶಕಗಳಿಗೆ ಹೆಸರಾಗಿತ್ತು. ಆಸ್ಕರ್ ಬಾರ್ನಾಕ್ ಎಂಬ ಯಂತ್ರಕುಶಲಿಯು 1911ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದನು. ಉಬ್ಬಸದ ರೋಗಿಯಾದ ಅವನಿಗೆ ಗಾಜಿನ ಫಲಕದ ಭಾರವಾದ ಕ್ಯಾಮರಾ ಹೊತ್ತು ಗುಡ್ಡ ಹತ್ತುವುದು ಪ್ರಯಾಸವಾಗಿತ್ತು. ಸಿನಿಮಾ ಫಿಲಂ ಬಳಸಿ, 24×36 ಮಿಲಿಮೀಟರಿನ ಚಿತ್ರ ಕೊಡುವ ಅಂಗೈಯಗಲದ ಕ್ಯಾಮರಾ ಒಂದನ್ನು ಅವನು ತಯಾರಿಸಿದನು. 1914ರಲ್ಲಿ ಅದರಿಂದ ಐಸನ್‌ಮಾರ್ಕ್ಟ್ ಚೌಕದ ಚಿತ್ರವನ್ನು ತೆಗೆದನು. ಅವನು ನಿಂತಿದ್ದ ಜಾಗವನ್ನು ಇಂದು ನೆಲದಲ್ಲಿ ಹುದುಗಿಸಿದ ಫಲಕವು ತೋರಿಸುತ್ತದೆ. ಅದರ ಮೇಲೆ ನಿಂತು, ಎದುರಿನ ಮರದ ಚೌಕಟ್ಟಿನ ಮನೆಯನ್ನು ಚಿತ್ರಿಸದೆ ಹೋಗುವ ಪ್ರವಾಸಿಗರು ವಿರಳ.

1925ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಲೋಕಕ್ಕೆ ಪರಿಚಯವಾದ ಮೊದಲ ಲೈಕಾದಲ್ಲಿ ದೂರವನ್ನು ಅಂದಾಜು ಮಾಡಿಯೋ ಬೇರೆ ಉಪಕರಣದಿಂದ ಅಳೆದೋ ಫೋಕಸ್ ಮಾಡಬೇಕಿತ್ತು. 1932ರ ಎರಡನೆಯ ಲೈಕಾದಲ್ಲಿ ದೂರಮಾಪಕವು, ಎಂದರೆ ರೇಂಜ್‌ಫೈಂಡರು, ಮಸೂರದೊಡನೆ ಕೂಡಿಕೊಂಡಿತು. 1954ರಲ್ಲಿ ಬಂದ ಎಂ 3 ಕ್ಯಾಮರಾದಲ್ಲಿ ನೋಟವೂ ಅಳತೆಯೂ ಒಂದೇ ಕಿಂಡಿಯಲ್ಲಿ ಸೇರಿದವು.

ಕಣ್ಣು ಮಂಜು, ಓಲೆ ಸ್ಪಷ್ಟ

ಇದರ ಉಪಾಯ ಸರಳವಾದುದು. ಕ್ಯಾಮರಾದ ನೆತ್ತಿಯಲ್ಲಿ ಕೆಲವು ಸೆಂಟಿಮೀಟರು ಅಂತರದಲ್ಲಿ ಎರಡು ಕಿಂಡಿಗಳಿವೆ. ಎರಡರಿಂದಲೂ ಬಂದ ಬಿಂಬಗಳು ನಡುವಿನ ಬೆಳಕಿನ ಚೌಕದಲ್ಲಿ ಒಂದರ ಮೇಲೊಂದು ಬೀಳುತ್ತವೆ. ಮಸೂರವನ್ನು ತಿರುಗಿಸಿದಂತೆ ಅದರ ಹಿಂಬದಿಗೆ ಒರಗಿದ ಪುಟ್ಟ ಉರುಳೆ ಮುಂದಕ್ಕೂ ಹಿಂದಕ್ಕೂ ಸರಿಯುತ್ತದೆ; ಅದಕ್ಕನುಸಾರವಾಗಿ ಒಂದು ಬಿಂಬವೂ ಸರಿಯುತ್ತದೆ. ಎರಡೂ ಒಂದಾದಾಗ ಫೋಕಸ್ ಸರಿಯಾಯಿತೆಂದು ಲೆಕ್ಕ.

ಆದರೆ ಅಜ್ಜನ ಕಾಲದ ಎಂ 3 ತಂದ ಪ್ರವಾಸಿಗನು ಐಸನ್‌ಮಾರ್ಕ್ಟಿನಲ್ಲಿ ಹೆಂಡತಿಯನ್ನು ನಿಲ್ಲಿಸಿ, ಬಿಂಬಗಳನ್ನು ಜೋಪಾನವಾಗಿ ಕೂಡಿಸಿ ಚಿತ್ರ ತೆಗೆದರೂ, ಫಿಲಂ ತೊಳೆಸಿದಾಗ ಆಕೆಯ ಕಿವಿಯ ಓಲೆ ಸ್ಪಷ್ಟವಾಗಿದ್ದು ಕಣ್ಣು ಮಂಜಾಗಿರುವುದುಂಟು. ತನ್ನ ಕೈ ನಡುಗಿತೆಂದು ಅವನು ನೊಂದುಕೊಳ್ಳಬೇಕಾಗಿಲ್ಲ. 50 ಮಿಲಿಮೀಟರಿನ ಮಸೂರವು ಅನಂತ ದೂರದಿಂದ 1 ಮೀಟರಿಗೆ ಬರಲು ಸರಿಯುವುದು ಎರಡೂವರೆ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಆ ಚಲನೆಯಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಪಾಲು ತಪ್ಪಿದರೆ, 1 ಮೀಟರು ದೂರದ ಮುಖದಲ್ಲಿ ಫೋಕಸ್ ಮೂರೂವರೆ ಸೆಂಟಿಮೀಟರು ಜಾರುತ್ತದೆ. ಮಸೂರದ ರಂಧ್ರವನ್ನು ಎಫ್ 2ರಷ್ಟು ತೆರೆದಾಗ ಸ್ಪಷ್ಟತೆಯ ಆಳವು ಹಿಂದುಮುಂದು ಸೇರಿ ನಾಲ್ಕೈದು ಸೆಂಟಿಮೀಟರು ಮಾತ್ರ. ಹಿಂದೆಂದೋ ಕೆಳಗೆ ಬಿದ್ದುದು, ಗಟ್ಟಿಯಾದ ಹಳೆಯ ಗ್ರೀಸು, ಯಾರೋ ಬಿಚ್ಚಿ ಸರಿಯಾಗಿ ಕೂಡಿಸದ ಮಸೂರ, ಇವುಗಳಲ್ಲಿ ಒಂದೇ ಸಾಕು ಅಷ್ಟು ತಪ್ಪಿಗೆ.

ಗೋಪುರದ ಸಾಕ್ಷಿ

ತಿರುಪು ಮುಟ್ಟುವ ಮೊದಲು, ಸುಳ್ಳು ಹೇಳುತ್ತಿರುವುದು ದೂರಮಾಪಕವೋ ಮಸೂರವೋ ಎಂಬುದನ್ನು ತಿಳಿಯಬೇಕು. ಅದಕ್ಕೆ ಲಾನ್ ನದಿಯ ಹಳೆಯ ಕಲ್ಲುಸೇತುವೆಯೇ ಒಳ್ಳೆಯ ತಾಣ. ಅಲ್ಲಿಂದ ಮನೆಗಳ ಮಾಡುಗಳ ಮೇಲೆ ಇಗರ್ಜಿಯ ಗೋಪುರವು ನೆಟ್ಟಗೆ ಕಾಣುತ್ತದೆ. ಕ್ಯಾಮರಾದ ಲೆಕ್ಕದಲ್ಲಿ ಅಷ್ಟು ದೂರವು ಅನಂತವೇ ಸರಿ. ಮಸೂರವನ್ನು ಅನಂತದ ಗುರುತಿಗೆ ತಿರುಗಿಸಿ ನೋಡಬೇಕು. ಗೋಪುರದ ಅಂಚು ಎಡಬಲಕ್ಕೆ ಎರಡಾಗಿ ಕಂಡರೆ ದೂರದ ಅಳತೆ ತಪ್ಪಿದೆ. ಒಂದು ಬಿಂಬ ಮೇಲೆ, ಇನ್ನೊಂದು ಕೆಳಗೆ ಕಂಡರೆ ಚಿತ್ರ ಕೆಡುವುದಿಲ್ಲ. ಆದರೆ ಕಣ್ಣಿಗೆ ತೀರ್ಮಾನ ಕಷ್ಟವಾಗುತ್ತದೆ.

ಬಳಿಕ ಫಿಲಂ ಇಲ್ಲದ ಕ್ಯಾಮರಾದ ಹಿಂಬದಿಯನ್ನು ತೆರೆದು, ಫಿಲಂ ಕೂರುವ ಹಳಿಗಳ ಮೇಲೆ ಉಜ್ಜಿದ ಗಾಜಿನ ತುಣುಕನ್ನು, ಅದರ ಮಂಜುಬದಿ ಮಸೂರದ ಕಡೆಗಿರುವಂತೆ, ಇಡಬೇಕು. ಷಟರನ್ನು ತೆರೆದೇ ಹಿಡಿದು ಗೋಪುರವನ್ನು ಭೂತಗನ್ನಡಿಯಿಂದ ನೋಡಬೇಕು. ಗಾಜಿನ ಮೇಲೆ ಗೋಪುರವು ಸ್ಪಷ್ಟವಾಗಿದ್ದರೆ ಮಸೂರವು ನಿರಪರಾಧಿ, ತಪ್ಪು ದೂರಮಾಪಕದ್ದು. ಗಾಜಿನ ಮೇಲೂ ಮಂಜಾಗಿದ್ದರೆ ಮಸೂರಕ್ಕೇ ಚಿಕಿತ್ಸೆ ಬೇಕು. ಆಗ ದೂರಮಾಪಕವನ್ನು ತಿರುಚುವುದೆಂದರೆ ಒಂದು ಸುಳ್ಳಿಗೆ ಇನ್ನೊಂದು ಸುಳ್ಳನ್ನು ಸಾಕ್ಷಿ ಹಾಕಿದಂತೆ.

ಅನಂತದಲ್ಲಿ ಸರಿಯಾದುದು ಸಮೀಪದಲ್ಲಿಯೂ ಸರಿಯಿರುವುದೆಂಬ ಭರವಸೆಯಿಲ್ಲ. ಆದುದರಿಂದ ತಂಗುಮನೆಯ ಮೇಜಿನ ಮೇಲೆ ಅಳತೆಪಟ್ಟಿಯನ್ನು ಓರೆಯಾಗಿಟ್ಟು, 1 ಮೀಟರು ದೂರದಿಂದ ನಡುವಿನ ಅಂಕಿಗೆ ಫೋಕಸ್ ಮಾಡಿ, ರಂಧ್ರವನ್ನು ಪೂರ್ತಿ ತೆರೆದು ಚಿತ್ರ ತೆಗೆಯಬೇಕು. ಯಾವ ಅಂಕಿ ಸ್ಪಷ್ಟವಾಗಿ ಬಂದಿದೆಯೋ ಅದೇ ತಪ್ಪಿನ ಪ್ರಮಾಣವನ್ನು ಹೇಳುತ್ತದೆ.

ಎಂ 3ರಲ್ಲಿ ಉರುಳೆಯ ನಡುವಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರೂ ಅನಂತದ ಬಿಂಬವು ಸರಿಯುತ್ತದೆ. ಮೊದಲು ಅನಂತ, ಆಮೇಲೆ ಸಮೀಪ, ಮತ್ತೆ ಅನಂತ ಎಂದು ಪರೀಕ್ಷಿಸುವುದು ಕ್ರಮ. ಒಂದನ್ನು ತಿದ್ದಿದಾಗ ಇನ್ನೊಂದು ಕದಲುವುದುಂಟು. ಸಮೀಪದ ತಿದ್ದುಪಡಿಯನ್ನೂ ಒಳಗಿನ ಕನ್ನಡಿಗಳನ್ನೂ ಬಲ್ಲವರ ಕೈಗೆ ಒಪ್ಪಿಸುವುದು ಕ್ಷೇಮ. ಬಿಂಬವು ಮಸುಕಾಯಿತೆಂದು ಬಟ್ಟೆಯಿಂದ ಒರೆಸಲು ಹೋಗಿ, ಕನ್ನಡಿಯ ತೆಳುವಾದ ಲೇಪವನ್ನೇ ಕಿತ್ತುಕೊಂಡವರುಂಟು.

1980ರ ದಶಕದಲ್ಲಿ ಊರು ಬಿಟ್ಟುಹೋಗಿದ್ದ ಲೈಕಾ ಸಂಸ್ಥೆಯು 2014ರಲ್ಲಿ ವೆಟ್ಸ್‌ಲಾರಿಗೆ ಮರಳಿತು. 2022ರಲ್ಲಿ ಬಾರ್ನಾಕನದೇ ಆದ ಒಂದು ಕ್ಯಾಮರಾ ಇಲ್ಲಿನ ಹರಾಜಿನಲ್ಲಿ 1 ಕೋಟಿ 44 ಲಕ್ಷ ಯೂರೋಗಳಿಗೆ ಮಾರಾಟವಾಯಿತು. ಅಜ್ಜನ ಕ್ಯಾಮರಾಕ್ಕೆ ಅಂಥ ಬೆಲೆ ಬಾರದು. ಆದರೆ ಬೀರುವಿನಲ್ಲಿ ಮಲಗಿದ್ದ ಅದು ಮನೆಯವರ ಮುಖವನ್ನು ಮತ್ತೆ ತಿಳಿಯಾಗಿ ಕಾಣಬಲ್ಲುದು.

ಸೇತುವೆಯಿಂದ ಕಾಣುವ ಇಗರ್ಜಿಯ ಕಥೆಯೂ ವಿಶೇಷವಾದುದು. ಸುಮಾರು 1230ರಲ್ಲಿ ಕಟ್ಟಲಾರಂಭಿಸಿದ ಹೊಸ ಕಟ್ಟಡವು ಮುಗಿಯಲೇ ಇಲ್ಲ. ಎರಡನೆಯ ಗೋಪುರವು ಮೊಟಕಾಗಿಯೇ ನಿಂತಿದೆ. 16ನೆಯ ಶತಮಾನದಿಂದ ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಅದೇ ಸೂರಿನಡಿಯಲ್ಲಿ ಪ್ರಾರ್ಥಿಸುತ್ತ ಬಂದಿದ್ದಾರೆ. ಸಂಜೆಯ ಬಿಸಿಲಿನಲ್ಲಿ ಸೇತುವೆಯ ಮೇಲೆ ನಿಂತು, ಹಳೆಯ ಕ್ಯಾಮರಾವನ್ನು ಕಣ್ಣಿಗೊತ್ತಿಕೊಂಡವನಿಗೆ ಆ ಗೋಪುರದ ಎರಡು ಬಿಂಬಗಳು ಮೆಲ್ಲನೆ ಸರಿದು ಒಂದಾದಾಗ, ಬಂದ ಕೆಲಸ ಮುಗಿಯುತ್ತದೆ.