ರಜಿಸ್ಟರ್‌ನಾಗ ಎರಡು, ಓಣಿಯೊಳಗ ಇಪ್ಪತ್ಮೂರು

ಶೇಂಗಾ ಎಡೆ ಹೊಡೆಯುವ ಸುದ್ದಿ ನಾಳೆ ಬರೀತೀನಿ. ಇವತ್ತು ನೀರಿನ ವಿಷಯ.

ಹೋದ ವಾರ ನಮ್ಮ ಕೆಳಗಿನ ಓಣಿಯಲ್ಲಿ ವಾಂತಿಭೇದಿ ಶುರುವಾಯ್ತು. ನಲ್ಲಿ ಪೈಪು ಗಟಾರದೊಳಗೇ ಹಾದು ಹೋಗಿದೆ, ಒಂದು ಕಡೆ ಒಡೆದೂ ಇದೆ. ಬದಲಿಸಿ ಅಂತ ಕೇಳೋಕೆ ಹೋದ್ರೆ ಸಿಕ್ಕ ಉತ್ತರ: "ರಜಿಸ್ಟರ್‌ನಾಗ ಎರಡೇ ಕೇಸ್ ಅದಾವ್ರಿ."

ಆಶಾ ಅಕ್ಕಾರ ಜೊತೆ ನಾವೇ ಮನೆಮನೆ ತಿರುಗಿದ್ವಿ. ಹನ್ನೊಂದು ಮನೆ, ಇಪ್ಪತ್ಮೂರು ಜನ. ಹೆಚ್ಚಿನವರು ಮೆಡಿಕಲ್ ಅಂಗಡಿ ಗುಳಿಗೆ ನುಂಗಿದ್ದಾರೆ. ಕೆಲವರು ಮಜ್ಜಿಗೆ ಅನ್ನ ಉಂಡು ಮಲಗಿದ್ದಾರೆ. ಒಬ್ಬ ಅಜ್ಜ ಅಂತೂ "ಎಡೆ ಬಿಟ್ಟು ದವಾಖಾನ್ಯಾಗ ಪಾಳಿ ಹಚ್ಚಲೇನು ತಮ್ಮಾ?" ಅಂದ. ದಾಖಲಾದ ಇಬ್ಬರದೂ ಮಲ ಪರೀಕ್ಷೆ ಆಗಿಲ್ಲ, ಚೀಟಿಯಲ್ಲಿ 'ಗ್ಯಾಸ್ಟ್ರೋ' ಅಂತಿದೆ. ಕಾಲರಾ ಹೌದೋ ಅಲ್ಲವೋ, ಈಗ ಯಾರೂ ಹೇಳುವ ಹಾಗಿಲ್ಲ.

ಈ ಲೆಕ್ಕದ ಗೋಳು ನಮ್ಮೂರಿಗೆ ಮಾತ್ರ ಅಲ್ಲ. ಬಾಂಗ್ಲಾದೇಶದ ಚಿತ್ತಗಾಂಗ್ ಹತ್ತಿರ ಸೀತಾಕುಂಡ ಅಂತ ಊರಿದೆ. ಅಲ್ಲಿ ಸಂಶೋಧಕರು ಆಸ್ಪತ್ರೆ ಲೆಕ್ಕವೊಂದನ್ನೇ ನಂಬದೆ, ಅದೇ ಜನರ ರಕ್ತವನ್ನು ಮತ್ತೆ ಮತ್ತೆ ಪರೀಕ್ಷೆ ಮಾಡಿದರು. ಕಾಲರಾ ಕ್ರಿಮಿ ಹೊಟ್ಟೆಗೆ ಹೋದ್ರೆ ಮೈ ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತೆ, ಅದರ ಗುರುತು ರಕ್ತದಲ್ಲಿ ಕೆಲವು ತಿಂಗಳು ಉಳಿಯುತ್ತೆ. 2024ರಲ್ಲಿ ಫಲಿತಾಂಶ ಬಂತು. ವರ್ಷಕ್ಕೆ ಸಾವಿರ ಜನಕ್ಕೆ ಸುಮಾರು 535 ಸೋಂಕು. 3,280 ಸೋಂಕಿನಲ್ಲಿ ಕಾಯಿಲೆಯಾಗಿ ಕಾಣಿಸಿದ್ದು ನಾಲ್ಕು, ಆಸ್ಪತ್ರೆ ಲೆಕ್ಕಕ್ಕೆ ಸೇರಿದ್ದು ಒಂದು! ಆಸ್ಪತ್ರೆಯ ಕೇಸು ಏರಿದಾಗಲೇ ಸೋಂಕೂ ಏರಿತ್ತು ಅಂತಲೂ ಇರಲಿಲ್ಲ.

ದನ ಕಟ್ಟಿದವರಿಗೆ ಇದು ಬೇಗ ತಿಳಿಯುತ್ತೆ. ಕೆಚ್ಚಲು ಬಾವು ಎಲ್ಲ ಆಕಳಿಗೂ ಊದಿಕೊಂಡು ಬರೋದಿಲ್ಲ. ಹಾಲು ನೋಡೋಕೆ ಚೆನ್ನಾಗೇ ಇರುತ್ತೆ, ಒಳಗೆ ಸೋಂಕು ಇರುತ್ತೆ, ಕರೆಯುವ ಕೈಯಿಂದ ಪಕ್ಕದ ಆಕಳಿಗೂ ದಾಟುತ್ತೆ. ಕಾಲರಾದಲ್ಲೂ ಹಾಗೇ. ಗಟ್ಟಿಮುಟ್ಟಾಗಿ ಓಡಾಡುವವರ ಮಲದಲ್ಲೂ ಒಂದರಿಂದ ಹತ್ತು ದಿನ ಕ್ರಿಮಿ ಹೊರಗೆ ಬರುತ್ತೆ. ಗಟಾರದ ಪೈಪು ಮಿಕ್ಕ ಕೆಲಸ ಮಾಡುತ್ತೆ.

ಹಾಗಂತ ಸೀತಾಕುಂಡದ ಅಂಕಿ ತಂದು ನಮ್ಮ ಓಣಿಗೆ ಗುಣಿಸಬೇಡಿ. ಅಲ್ಲಿ ಕಾಲರಾ ವರ್ಷವರ್ಷ ಇರೋದು, ನಮ್ಮದೇ ಬೇರೆ. ನಾನು ಹೇಳೋದಿಷ್ಟೇ: 'ಎರಡೇ ಕೇಸ್' ಅನ್ನೋದು ದವಾಖಾನೆ ಮೆಟ್ಟಿಲು ಹತ್ತಿದವರ ಲೆಕ್ಕ, ಊರಿನ ಲೆಕ್ಕ ಅಲ್ಲ. ಪೈಪಿನ ದುಡ್ಡು ಮಾತ್ರ ಆ ಲೆಕ್ಕ ನೋಡಿಯೇ ಬರುತ್ತೆ.

ಅಕ್ಕಿ ತೊಳೆದ ನೀರಿನಂಗ ಭೇದಿ ಆಗ್ತಿದ್ರೆ ಕಾಯಬೇಡಿ, ಕೆಲವೇ ತಾಸಿನಲ್ಲಿ ಜೀವಕ್ಕೆ ಅಪಾಯ. ಓಆರ್‌ಎಸ್ ಇಲ್ಲಾಂದ್ರೆ ಒಂದು ಲೀಟರ್ ಕಾಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ತಲೆಮಟ್ಟ ಸವರಿ ಹಾಕಿ. ಅದನ್ನ ಕುಡಿಸ್ತಾನೇ ದವಾಖಾನೆಗೆ ಕರ್ಕೊಂಡು ಹೋಗಿ. ಆಂಟಿಬಯೋಟಿಕ್ ಕೊಡೋಕೆ ಮುಂಚೆ ಮಲದ ಸ್ಯಾಂಪಲ್ ತಗೊಳ್ಳಿ ಅಂತ ಕೇಳಿ, ಆಮೇಲೆ ತಗೊಂಡ್ರೆ ಕ್ರಿಮಿ ಸಿಗೋದು ಕಷ್ಟ. ಆದ್ರೆ ಸ್ಯಾಂಪಲ್‌ಗೋಸ್ಕರ ಚಿಕಿತ್ಸೆ ತಡ ಆಗಬಾರದು.

ಪಟ್ಟಿ ಮಾಡಿದ್ದೀವಿ: ಮನೆ, ಯಾವ ದಿನ ಶುರು, ಯಾವ ನಲ್ಲಿ ನೀರು. ಸೋಮವಾರ ಪಂಚಾಯ್ತಿಗೆ ಕೊಡ್ತೀವಿ. ಮೇಲಿನ ಓಣಿಯವರು ಯಾರಾದ್ರೂ ಗುಳಿಗೆ ನುಂಗಿ ಸುಮ್ಮನಿದ್ರೆ ಭಾನುವಾರ ರಾತ್ರಿಯೊಳಗೆ ಆಶಾ ಅಕ್ಕಾರಿಗೆ ಹೇಳ್ರಿ.